ಗ್ಯಾಸ್ ಡ್ರೈಯರ್ ತಿರುಗುತ್ತದೆ, ಬಿಸಿಯಾಗುವುದಿಲ್ಲ: ದೋಷ ಹುಡುಕುವ ಕ್ರಮ

ಡ್ರಮ್ ತಿರುಗುತ್ತಿದೆ, ಫ್ಯಾನಿನ ಸದ್ದು ಎಂದಿನಂತೆಯೇ ಇದೆ, ಆದರೆ ಒಂದು ಗಂಟೆ ಓಡಿಸಿದರೂ ಬಟ್ಟೆ ತಣ್ಣಗೆ, ಒದ್ದೆಯಾಗಿಯೇ ಹೊರಬರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಬೆಂಕಿ ಹೊತ್ತಿಸುವ ಇಗ್ನೈಟರ್ ತರಿಸಿ ಹಾಕುತ್ತಾರೆ. ಸರಿಹೋಗದಿದ್ದರೆ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟ್ಯಾಟ್, ಅದೂ ಅಲ್ಲದಿದ್ದರೆ ಗ್ಯಾಸ್ ವಾಲ್ವನ್ನು ತೆರೆಯುವ ಕಾಯಿಲ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಕೆಟ್ಟದ್ದೊಂದು ಬದಲಾಯಿಸಿದ್ದು ಇನ್ನೊಂದು. ಗ್ಯಾಸ್ ಡ್ರೈಯರ್‌ನಲ್ಲಿ ಹೀಗೆ ಊಹೆಯ ಮೇಲೆ ಭಾಗ ಕೊಳ್ಳುವ ಅಗತ್ಯ ತೀರಾ ಕಡಿಮೆ. ಗ್ಯಾಸ್ ಉರಿಯುವ ಬರ್ನರ್ ಕಾಣುವಂತೆ ಮಾಡಿಕೊಂಡು ಐದು ನಿಮಿಷ ನೋಡಿದರೆ ಎಲ್ಲಿ ಕೆಟ್ಟಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ.

ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಮನೆಗಳಲ್ಲಿ ಇರುವ, 120 ವೋಲ್ಟ್ ಕರೆಂಟಿನಲ್ಲಿ ಓಡುವ, ಕಾದು ಕೆಂಪಾಗುವ ಇಗ್ನೈಟರ್ ಇರುವ ಡ್ರೈಯರ್‌ಗಳ ಬಗ್ಗೆ. ನಿಮ್ಮದು ಗ್ಯಾಸಿನದೋ ಕರೆಂಟಿನದೋ ಎಂಬ ಅನುಮಾನವಿದ್ದರೆ ಹಿಂಭಾಗ ನೋಡಿ. ಗ್ಯಾಸ್ ಯಂತ್ರಕ್ಕೆ ಮಾಮೂಲಿ ಮೂರು ಪಿನ್ನಿನ ಪ್ಲಗ್ಗಿನ ಜೊತೆಗೆ ಒಂದು ಗ್ಯಾಸ್ ಪೈಪು ಬಂದಿರುತ್ತದೆ. ಬರೀ ಕರೆಂಟಿನ ಡ್ರೈಯರ್‌ಗೆ 240 ವೋಲ್ಟಿನ ದಪ್ಪ ವೈರು, ದೊಡ್ಡ ಪ್ಲಗ್ಗು ಇರುತ್ತದೆ. ಅದರಲ್ಲಿ ಬಿಸಿ ಹುಟ್ಟಿಸುವ ವ್ಯವಸ್ಥೆಯೇ ಬೇರೆ.

ಮೊದಲು ಸುರಕ್ಷತೆ

ಗ್ಯಾಸ್ ವಾಸನೆ ಬರುತ್ತಿದ್ದರೆ ದುರಸ್ತಿಯ ಮಾತೇ ಬೇಡ. ಯಾವ ಸ್ವಿಚ್ಚನ್ನೂ ಒತ್ತಬೇಡಿ, ಪ್ಲಗ್ ಕೀಳಬೇಡಿ, ಮನೆಯೊಳಗೆ ನಿಂತು ಫೋನ್ ಮಾಡಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಗ್ಯಾಸ್ ಕಂಪನಿಗೋ ಅಗ್ನಿಶಾಮಕ ದಳಕ್ಕೋ ಕರೆ ಮಾಡಿ. ಸಿಲಿಂಡರ್ ಅಥವಾ ಟ್ಯಾಂಕಿನ ಪ್ರೊಪೇನ್ ಗಾಳಿಗಿಂತ ಭಾರ. ಅದು ನೆಲಮಟ್ಟದಲ್ಲಿ ಶೇಖರವಾಗುವುದರಿಂದ ನೆಲಮಾಳಿಗೆಯಲ್ಲಿ ಡ್ರೈಯರ್ ಇಟ್ಟವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು.

ವಾಸನೆ ಇಲ್ಲದಿದ್ದರೂ ಪ್ಯಾನೆಲ್ ತೆಗೆಯುವ ಮುಂಚೆ ಪ್ಲಗ್ ಕೀಳಿ, ಯಂತ್ರದ ಹಿಂದಿನ ಗ್ಯಾಸ್ ವಾಲ್ವ್ ಮುಚ್ಚಿ. ವಾಲ್ವಿನ ಹಿಡಿ ಪೈಪಿಗೆ ಅಡ್ಡಲಾಗಿದ್ದರೆ ಮುಚ್ಚಿದೆ ಎಂದರ್ಥ, ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ. ತಗಡಿನ ಅಂಚುಗಳು ಬ್ಲೇಡಿನಷ್ಟೇ ಹರಿತ, ಆದ್ದರಿಂದ ಕೈಗವಸು ಹಾಕಿಕೊಳ್ಳಿ.

ಯಂತ್ರ ಬಿಚ್ಚುವ ಮುನ್ನ

ಸೆಟ್ಟಿಂಗ್ ನೋಡಿ. ಏರ್ ಫ್ಲಫ್, ಏರ್ ಡ್ರೈ, ನೋ ಹೀಟ್ ಎಂಬ ಆಯ್ಕೆಗಳಲ್ಲಿ ಬರ್ನರ್ ಹೊತ್ತುವುದೇ ಇಲ್ಲ. ಬಟ್ಟೆ ಒಣಗುವ ಸರದಿಯ ಕೊನೆಯ ಕೆಲವು ನಿಮಿಷ ಎಲ್ಲ ಯಂತ್ರಗಳೂ ತಣ್ಣನೆ ಗಾಳಿಯನ್ನೇ ಬಿಡುತ್ತವೆ. ಪರೀಕ್ಷೆಗೆ ಯಾವಾಗಲೂ ಸಮಯ ನಿಗದಿ ಮಾಡುವ ಟೈಮ್ಡ್ ಡ್ರೈ ಆರಿಸಿ, ಬಿಸಿಯನ್ನು ಹೆಚ್ಚಿಗೆ ಇಡಿ. ತೇವಾಂಶ ಅಳೆದು ನಿಲ್ಲುವ ಸೆನ್ಸರ್ ಸರದಿಯಲ್ಲಿ ಪರೀಕ್ಷಿಸಿದರೆ ಒಂದು ದೋಷದ ಜಾಗದಲ್ಲಿ ಇನ್ನೊಂದು ಕಂಡು ಗೊಂದಲವಾಗುತ್ತದೆ.

ಗ್ಯಾಸ್ ಬರುತ್ತಿದೆಯೇ? ಮನೆಯ ಗ್ಯಾಸ್ ಒಲೆ, ನೀರು ಕಾಯಿಸುವ ಬಾಯ್ಲರ್ ಹೊತ್ತುತ್ತಿದ್ದರೆ ಮುಖ್ಯ ಪೂರೈಕೆ ಸರಿ ಇದೆ. ಡ್ರೈಯರ್ ಹಿಂದಿನ ವಾಲ್ವ್ ಒಂದನ್ನೇ ಯಾರೋ ಮುಚ್ಚಿರಬಹುದು, ಗುಡಿಸುವಾಗ ಯಂತ್ರ ಎಳೆದಾಗ ಹಿಡಿ ತಿರುಗಿರಲೂಬಹುದು. ಕೆಲವು ಬಳುಕುವ ಗ್ಯಾಸ್ ಪೈಪುಗಳ ಬಾಯಲ್ಲಿ ಹರಿವು ಏಕಾಏಕಿ ಹೆಚ್ಚಾದರೆ ಮುಚ್ಚಿಕೊಳ್ಳುವ ಒಂದು ಪುಟ್ಟ ಸುರಕ್ಷಾ ವಾಲ್ವ್ ಇರುತ್ತದೆ. ಹಿಡಿಯನ್ನು ಒಂದೇ ಏಟಿಗೆ ತಿರುಗಿಸಿದರೆ ಅದು ಕಚ್ಚಿಕೊಂಡು ಗ್ಯಾಸನ್ನು ತಡೆಯುತ್ತದೆ. ಆಗ ವಾಲ್ವನ್ನು ಪೂರ್ತಿ ಮುಚ್ಚಿ, ಕೆಲವು ನಿಮಿಷ ಬಿಟ್ಟು, ನಿಧಾನಕ್ಕೆ ತೆರೆದರೆ ಸಾಕು. ಗ್ಯಾಸ್ ಪೂರೈಕೆ ನಿಂತು ಮತ್ತೆ ಬಂದಿದ್ದರೆ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ಬರ್ನರ್ ಹಲವು ಸಲ ಪ್ರಯತ್ನಿಸಿದ ಮೇಲೆ ಹೊತ್ತುತ್ತದೆ.

ವಾಷಿಂಗ್ ಮಷೀನಿನ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಅದರ ಸ್ಪಿನ್ ಸರಿಯಿಲ್ಲದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಡ್ರೈಯರ್ ಎಷ್ಟೇ ಬಿಸಿಯಾದರೂ ಒಣಗದು. ಡ್ರೈಯರ್ ಓಡಿಸಿ ಐದು ನಿಮಿಷದ ನಂತರ ಬಾಗಿಲು ತೆರೆದು ಕೈಯಿಟ್ಟು ನೋಡಿ. ಒಳಗೆ ಬಿಸಿ ಇದ್ದು, ಮುಂದೆಯೂ ಹಾಗೇ ಉಳಿದರೆ ನಿಮ್ಮ ಸಮಸ್ಯೆ ಬರ್ನರ್ ಅಲ್ಲ, ಗಾಳಿಯ ಹರಿವು. ನೇರವಾಗಿ ಕೆಳಗಿನ ಆ ಭಾಗಕ್ಕೆ ಹೋಗಬಹುದು.

ಬೆಂಕಿ ಹೊತ್ತುವ ಕ್ರಮ

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸಲೀಸು, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಸ್ಟಾರ್ಟ್ ಒತ್ತಿದಾಗ ಮೊದಲು ಮೋಟಾರ್ ತಿರುಗುತ್ತದೆ. ಮೋಟಾರ್ ವೇಗ ಹಿಡಿದ ಮೇಲಷ್ಟೇ ಅದರ ಮೈಮೇಲಿನ ಸೆಂಟ್ರಿಫ್ಯೂಗಲ್ ಸ್ವಿಚ್ ಕೂಡಿಕೊಂಡು ಬರ್ನರ್ ಕಡೆಗೆ ಕರೆಂಟ್ ಬಿಡುತ್ತದೆ. ಗಾಳಿ ಹರಿಯದಿರುವಾಗ ಬೆಂಕಿ ಹೊತ್ತಬಾರದು ಎಂಬುದು ಇದರ ಉದ್ದೇಶ. ಆ ಕರೆಂಟ್ ಟೈಮರ್ ಅಥವಾ ಎಲೆಕ್ಟ್ರಾನಿಕ್ ಬೋರ್ಡು, ಸುರಕ್ಷಾ ಥರ್ಮೋಸ್ಟ್ಯಾಟ್‌ಗಳು ಇವನ್ನೆಲ್ಲ ದಾಟಿ ಯಂತ್ರದೊಳಗೆ ಬರ್ನರಿಗೆ ಜೋಡಿಸಿದ ಗ್ಯಾಸ್ ವಾಲ್ವಿಗೆ ಬರುತ್ತದೆ.

ಗ್ಯಾಸ್ ವಾಲ್ವಿನೊಳಗೆ ಒಂದರ ಹಿಂದೊಂದು ಎರಡು ಬಾಗಿಲುಗಳಿವೆ. ಎರಡೂ ತೆರೆದರೆ ಮಾತ್ರ ಗ್ಯಾಸ್ ಬರ್ನರಿಗೆ ಬರುತ್ತದೆ. ಇವನ್ನು ಎತ್ತುವುದು ವಾಲ್ವಿನ ತಲೆಯ ಮೇಲೆ ಕೂತ ಕಾಯಿಲ್‌ಗಳು. ಮೊದಲ ಬಾಗಿಲಿಗೆ ಒಂದೇ ಡಬ್ಬಿಯೊಳಗೆ ಎರಡು ಸುತ್ತು ತಂತಿ: ಎಳೆದು ತೆರೆಯಲು ಬೂಸ್ಟರ್, ತೆರೆದದ್ದನ್ನು ಹಿಡಿದಿಡಲು ಹೋಲ್ಡಿಂಗ್. ಎರಡನೆಯ ಬಾಗಿಲಿಗೆ ಸೆಕೆಂಡರಿ ಎಂಬ ಬೇರೊಂದು ಕಾಯಿಲ್. ಬರ್ನರ್ ಪಕ್ಕದ ಕೊಳವೆಯ ಹೊರಮೈಗೆ ಅಂಟಿಕೊಂಡು ಫ್ಲೇಮ್ ಸೆನ್ಸರ್ ಇರುತ್ತದೆ. ಅದು ಶಾಖಕ್ಕೆ ಬಿಟ್ಟುಕೊಳ್ಳುವ ಸ್ವಿಚ್ಚು. ತಣ್ಣಗಿದ್ದಾಗ ಕೂಡಿಕೊಂಡಿರುತ್ತದೆ.

ಕರೆಂಟ್ ಬಂದ ಕ್ಷಣ ಬೂಸ್ಟರ್ ಮತ್ತು ಹೋಲ್ಡಿಂಗ್ ಸೇರಿ ಮೊದಲ ಬಾಗಿಲನ್ನು ಎತ್ತುತ್ತವೆ. ಅದೇ ಹೊತ್ತಿಗೆ ಕರೆಂಟ್ ಸೆನ್ಸರ್ ಮೂಲಕ ಹಾಯ್ದು ಇಗ್ನೈಟರನ್ನು ಕಾಯಿಸುತ್ತದೆ. ಸೆನ್ಸರ್ ಕೂಡಿಕೊಂಡಿರುವವರೆಗೆ ಕರೆಂಟಿಗೆ ಸುಲಭದ ದಾರಿ ಅದೇ, ಹಾಗಾಗಿ ಸೆಕೆಂಡರಿ ಕಾಯಿಲ್ ಸುಮ್ಮನಿರುತ್ತದೆ. ಇಗ್ನೈಟರ್ ನಿಗಿನಿಗಿ ಎಂದು ಕಿತ್ತಳೆ ಬಣ್ಣಕ್ಕೆ ತಿರುಗಲು ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು. ಆ ಕಾವಿಗೆ ಸೆನ್ಸರ್ ಟಿಕ್ ಎಂದು ಬಿಟ್ಟುಕೊಳ್ಳುತ್ತದೆ. ಈಗ ಕರೆಂಟ್ ಸೆಕೆಂಡರಿ ಕಾಯಿಲ್ ಮೂಲಕವೇ ಹೋಗಬೇಕು. ಎರಡನೆಯ ಬಾಗಿಲು ತೆರೆಯುತ್ತದೆ, ಗ್ಯಾಸ್ ನುಗ್ಗಿ ಇನ್ನೂ ಕೆಂಡದಂತಿರುವ ಇಗ್ನೈಟರಿಗೆ ತಾಗಿ ಭುಸ್ಸೆಂದು ಹೊತ್ತುತ್ತದೆ. ಇಗ್ನೈಟರ್ ಮಂಕಾಗುತ್ತದೆ. ಮುಂದೆ ಜ್ವಾಲೆಯ ಕಾವೇ ಸೆನ್ಸರನ್ನು ತೆರೆದಿಟ್ಟುಕೊಳ್ಳುತ್ತದೆ.

ಬೂಸ್ಟರ್ ಇಲ್ಲದೆ ಹೋಲ್ಡಿಂಗ್ ಒಂದಕ್ಕೇ ಮೊದಲ ಬಾಗಿಲನ್ನು ಎತ್ತುವ ಶಕ್ತಿ ಇಲ್ಲ. ಸೆನ್ಸರ್ ಬಿಟ್ಟುಕೊಂಡಿದ್ದರೆ ಬೂಸ್ಟರಿಗೆ ಬೇಕಾದಷ್ಟು ಕರೆಂಟ್ ಸಿಗದು. ಹಾಗಾಗಿ ಓಡುತ್ತಿರುವಾಗ ಕರೆಂಟ್ ಹೋಗಿ ತಕ್ಷಣ ಬಂದರೂ, ಸೆನ್ಸರ್ ತಣ್ಣಗಾಗಿ ಮತ್ತೆ ಕೂಡಿಕೊಳ್ಳುವವರೆಗೆ ಗ್ಯಾಸ್ ಬರುವುದಿಲ್ಲ. ಹೊತ್ತದ ಗ್ಯಾಸ್ ಒಳಗೆ ತುಂಬಿಕೊಳ್ಳದಂತೆ ಮಾಡಿದ ಜಾಣ ಏರ್ಪಾಡು ಇದು.

ಬರ್ನರ್ ಮುಂದೆ ಐದು ನಿಮಿಷ

ಬರ್ನರ್ ಇರುವುದು ಯಂತ್ರದ ಕೆಳಭಾಗದಲ್ಲಿ, ಬಹಳಷ್ಟು ಮಾದರಿಗಳಲ್ಲಿ ಮುಂದಿನ ಎಡಮೂಲೆಯಲ್ಲಿ. ಕೆಲವಕ್ಕೆ ಕೆಳಗೊಂದು ಪ್ರತ್ಯೇಕ ಪ್ಯಾನೆಲ್ ಇರುತ್ತದೆ. ಅದರ ಮೇಲಂಚಿನ ಸಂದಿಗೆ ಪುಟ್ಟಿ ಹಚ್ಚುವ ಚಪ್ಪಟೆ ಅಲಗು ತೂರಿಸಿ ಒಳಗಿನ ಕ್ಲಿಪ್ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಕೆಲವಕ್ಕೆ ಮುಂಭಾಗದಲ್ಲಿ ಸಣ್ಣ ಬಿರಡೆ ಮುಚ್ಚಿದ ಕಿಂಡಿ ಇರುತ್ತದೆ. ಮುಂದಿನ ಇಡೀ ತಗಡನ್ನು ಬಿಚ್ಚಬೇಕಾದ ಯಂತ್ರಗಳಲ್ಲಿ ಬಾಗಿಲಿನ ಸ್ವಿಚ್ಚಿನ ವೈರು ಕಳಚಿಕೊಳ್ಳುತ್ತದೆ, ಡ್ರಮ್ಮಿನ ಮುಂದಿನ ಆಸರೆಯೂ ಹೋಗಬಹುದು. ಅಂಥದ್ದನ್ನು ಬಿಚ್ಚಿಟ್ಟು ಓಡಿಸಬೇಡಿ, ಕಿಂಡಿಯಿಂದಲೋ ಕೆಳಗಿನ ಸಂದಿಯಿಂದಲೋ ಬೆಳಕು ಕಂಡರೆ ಅಷ್ಟೇ ಸಾಕು.

ಯಂತ್ರದೊಳಗೆ ಇನ್ನೊಂದು ನಿಧಿ ಇರುತ್ತದೆ: ಮಡಚಿಟ್ಟ ಟೆಕ್ನಿಕಲ್ ಶೀಟ್. ಕೆಳಗಿನ ಪ್ಯಾನೆಲ್ ಹಿಂದೆಯೋ ಮೇಲಿನ ಗುಂಡಿಗಳ ಫಲಕದ ಒಳಗೋ ಸಿಗುತ್ತದೆ. ವೈರಿಂಗ್ ನಕ್ಷೆ, ಪ್ರತಿ ಭಾಗದ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಲೆಕ್ಕ ಅದರಲ್ಲೇ ಇರುತ್ತದೆ. ಓದಿದ ಮೇಲೆ ಇದ್ದಲ್ಲೇ ಇಡಿ.

ಯಂತ್ರದ ಹಿಂದಿನ ಗ್ಯಾಸ್ ವಾಲ್ವ್ ತೆರೆದು, ಪ್ಲಗ್ ಹಾಕಿ, ಖಾಲಿ ಡ್ರಮ್ ಇಟ್ಟು ಹೆಚ್ಚಿನ ಬಿಸಿಗೆ ಓಡಿಸಿ. ಕೋಣೆಯ ದೀಪ ಆರಿಸಿದರೆ ಚೆನ್ನಾಗಿ ಕಾಣುತ್ತದೆ. ಕೈ ಒಳಗೆ ಹಾಕಬೇಡಿ, ಕಣ್ಣಿಗಷ್ಟೇ ಕೆಲಸ. ಕಾಣುವುದು ಇವುಗಳಲ್ಲಿ ಒಂದು:

1. ಇಗ್ನೈಟರ್ ಕೆಂಪಾಗುತ್ತದೆ, ಟಿಕ್ ಸದ್ದು ಬರುತ್ತದೆ, ಮಂಕಾಗುತ್ತದೆ, ಬೆಂಕಿ ಹೊತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪಾಗುತ್ತದೆ, ಮತ್ತೆ ಅದೇ ಕಥೆ. ಗ್ಯಾಸ್ ಪೂರೈಕೆ ಸರಿಯಿದ್ದರೆ ಇದು ಕಾಯಿಲ್‌ಗಳ ದೋಷ. ಎಲ್ಲಕ್ಕಿಂತ ಹೆಚ್ಚು ಕಾಣುವುದೂ ಇದೇ.

2. ಮೊದಲ ಸಲ ಚೆನ್ನಾಗಿ ಹೊತ್ತುತ್ತದೆ, ಬಿಸಿ ಸಾಕೆನಿಸಿ ಆರುತ್ತದೆ, ಎರಡನೆಯ ಸಲದಿಂದ ಇಗ್ನೈಟರ್ ಕೆಂಪಾಗಿ ಮಂಕಾಗುವುದಷ್ಟೇ. ಇದೂ ಕಾಯಿಲ್. ಒಳಗಿನ ತಂತಿ ತಣ್ಣಗಿದ್ದಾಗ ಕೂಡಿಕೊಂಡಿರುತ್ತದೆ, ಕಾದ ಮೇಲೆ ಬಿಟ್ಟುಕೊಳ್ಳುತ್ತದೆ. ಯಂತ್ರ ಒಂದು ಗಂಟೆ ತಣ್ಣಗಾದರೆ ಮತ್ತೆ ಒಮ್ಮೆ ಹೊತ್ತುತ್ತದೆ.

3. ಇಗ್ನೈಟರ್ ಕೆಂಪಾಗಿ ಎರಡು ಮೂರು ನಿಮಿಷವಾದರೂ ಹಾಗೇ ಉರಿಯುತ್ತಿರುತ್ತದೆ, ಆರುವುದೇ ಇಲ್ಲ. ಸೆನ್ಸರ್ ಬಿಟ್ಟುಕೊಳ್ಳುತ್ತಿಲ್ಲ. ಅದನ್ನು ಬದಲಾಯಿಸಬೇಕು.

4. ಇಗ್ನೈಟರ್ ಕೆಂಪಾಗುವುದೇ ಇಲ್ಲ. ಇಗ್ನೈಟರ್ ಒಡೆದಿರಬಹುದು, ಸೆನ್ಸರ್ ತೆರೆದೇ ಉಳಿದಿರಬಹುದು, ಅಥವಾ ಕರೆಂಟೇ ಅಲ್ಲಿಯವರೆಗೆ ಬರುತ್ತಿಲ್ಲದಿರಬಹುದು. ಮೀಟರ್ ಬೇಕಾಗುವುದು ಇಲ್ಲಿ.

5. ಬೆಂಕಿ ಹೊತ್ತಿ ಒಂದೆರಡು ನಿಮಿಷಕ್ಕೆ ಆರುತ್ತದೆ, ಆಮೇಲೆ ಬಹಳ ಹೊತ್ತು ಇಗ್ನೈಟರೂ ಕೆಂಪಾಗುವುದಿಲ್ಲ, ಕೊನೆಗೆ ಮತ್ತೆ ಹೊತ್ತುತ್ತದೆ. ಗಾಳಿ ಕಟ್ಟಿಕೊಂಡು ಸುರಕ್ಷಾ ಥರ್ಮೋಸ್ಟ್ಯಾಟ್ ಕರೆಂಟ್ ಕಡಿಯುತ್ತಿದೆ. ಬರ್ನರಿನ ಯಾವ ಭಾಗವೂ ಕೆಟ್ಟಿಲ್ಲ.

ಎರಡನೆಯದನ್ನೂ ಐದನೆಯದನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಎರಡರಲ್ಲೂ «ಮೊದಲು ಬಿಸಿ, ಆಮೇಲೆ ತಣ್ಣಗೆ» ಎಂಬುದೇ ದೂರು. ವ್ಯತ್ಯಾಸ ಇರುವುದು ಇಗ್ನೈಟರಿನಲ್ಲಿ. ಬೆಂಕಿ ಆರಿದ ಮೇಲೂ ಅದು ಪದೇ ಪದೇ ಕೆಂಪಾಗುತ್ತಿದ್ದರೆ ಕಾಯಿಲ್, ಸತ್ತಂತೆ ಬಿದ್ದಿದ್ದರೆ ಗಾಳಿದಾರಿ. ಒಂದು ಮಾತು ನೆನಪಿರಲಿ, ಆರೋಗ್ಯವಾಗಿರುವ ಯಂತ್ರದಲ್ಲೂ ಬೆಂಕಿ ಒಂದೇ ಸಮನೆ ಉರಿಯುವುದಿಲ್ಲ. ಒಂದು ಸರದಿಯಲ್ಲಿ ಹಲವು ಸಲ ಹೊತ್ತಿ ಆರುತ್ತಿರುತ್ತದೆ.

ಇಗ್ನೈಟರ್ ಕೆಂಪಾಗದಿದ್ದರೆ: ಮೀಟರ್ ಹಿಡಿಯುವ ಕೆಲಸ

ಪ್ಲಗ್ ಕಿತ್ತು, ಗ್ಯಾಸ್ ಮುಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಡಿ. ಅಳೆಯುವ ಭಾಗದ ಒಂದು ವೈರನ್ನಾದರೂ ಕಳಚಿ. ಇಲ್ಲದಿದ್ದರೆ ಬೇರೆ ದಾರಿಯಿಂದ ಸುತ್ತಿಬಂದ ಓಮ್ ತೋರಿಸಿ ಮೀಟರ್ ದಾರಿ ತಪ್ಪಿಸುತ್ತದೆ. ವೈರ್ ಎಳೆಯುವಾಗ ತುದಿಯ ಲೋಹದ ಕ್ಲಿಪ್ ಹಿಡಿದು ಎಳೆಯಿರಿ. ಕಳಚುವ ಮುನ್ನ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇಗ್ನೈಟರಿನಿಂದ ಶುರು ಮಾಡಿ. ಅದರ ಪ್ಲಗ್ಗಿನ ಎರಡು ಪಿನ್ನುಗಳ ನಡುವೆ 50ರಿಂದ 500 ಓಮ್ ಒಳಗೆ ಬಂದರೆ ಸರಿ. ಕರೆಂಟ್ ಹಾಯುವುದೇ ಇಲ್ಲವೆಂದು ಮೀಟರ್ ಅನಂತ ತೋರಿಸಿದರೆ ಒಡೆದಿದೆ. ಬಿರುಕು ಬಿಟ್ಟ ಜಾಗದಲ್ಲಿ ಬಿಳಿ ಅಥವಾ ಕಪ್ಪು ಕಲೆ ಕಾಣುವುದುಂಟು. ಆಮೇಲೆ ಫ್ಲೇಮ್ ಸೆನ್ಸರ್. ತಣ್ಣಗಿರುವಾಗ ಸೊನ್ನೆಯ ಹತ್ತಿರ ಇರಬೇಕು, ಅನಂತ ತೋರಿಸಿದರೆ ಹೋಗಿದೆ ಎಂದು ಅರ್ಥ.

ಎರಡೂ ಸರಿಯಿದ್ದರೆ, ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್. ಫ್ಯಾನಿನ ಗೂಡಿಗೆ ಸ್ಕ್ರೂ ಹಾಕಿದ, ಹೆಬ್ಬೆರಳಿನಷ್ಟು ಉದ್ದದ ಬಿಳಿ ಪ್ಲಾಸ್ಟಿಕ್ ತುಂಡು ಅದು. ಸೊನ್ನೆ ಓಮ್ ಇರಬೇಕು. ಒಮ್ಮೆ ಹೋದರೆ ಹೋಯಿತು, ತಣ್ಣಗಾದರೂ ಕೂಡಿಕೊಳ್ಳುವುದಿಲ್ಲ. ಬಹಳಷ್ಟು ಯಂತ್ರಗಳಲ್ಲಿ ಇದು ಹೋದರೆ ಮೋಟಾರೂ ತಿರುಗುವುದಿಲ್ಲ, ಕೆಲವದರಲ್ಲಿ ಬಿಸಿ ಮಾತ್ರ ನಿಲ್ಲುತ್ತದೆ. ನಿಮ್ಮದು ಯಾವುದು ಎಂದು ಟೆಕ್ನಿಕಲ್ ಶೀಟಿನ ನಕ್ಷೆ ಹೇಳುತ್ತದೆ. ಫ್ಯೂಸಿನ ಎರಡು ವೈರುಗಳನ್ನು ನೇರ ಸೇರಿಸಿ ಓಡಿಸುವ ಉಪಾಯ ಹೇಳುವವರಿದ್ದಾರೆ. ಮನೆಗೆ ಬೆಂಕಿ ಬೀಳದಂತೆ ತಡೆಯುವ ಕೊನೆಯ ಭಾಗ ಅದೊಂದೇ, ಪರೀಕ್ಷೆಗೆಂದೂ ಹಾಗೆ ಮಾಡಬಾರದು.

ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ, ಬರ್ನರ್ ಕೊಳವೆಯ ಮೇಲಿನ ಹೈ ಲಿಮಿಟ್ ಥರ್ಮೋಸ್ಟ್ಯಾಟ್, ಬೆಂಕಿ ಹೊತ್ತಿಸಿ ಆರಿಸುತ್ತ ಬಿಸಿಯನ್ನು ಹಿಡಿತದಲ್ಲಿಡುವ, ಫ್ಯಾನ್ ಗೂಡಿನ ಸೈಕ್ಲಿಂಗ್ ಥರ್ಮೋಸ್ಟ್ಯಾಟ್ ಇವೂ ತಣ್ಣಗಿರುವಾಗ ಸೊನ್ನೆ ತೋರಿಸಬೇಕು. ಸೈಕ್ಲಿಂಗ್ ಥರ್ಮೋಸ್ಟ್ಯಾಟಿಗೆ ನಾಲ್ಕು ಕಡ್ಡಿ ಇದ್ದರೆ ಹುಷಾರು. ದಪ್ಪನೆಯ ಎರಡು ಸ್ವಿಚ್ಚಿನವು, ಸಣ್ಣ ಎರಡು ಒಳಗಿನ ಪುಟ್ಟ ಹೀಟರಿನವು. ಸಣ್ಣವುಗಳ ನಡುವೆ ಸಾವಿರಾರು ಓಮ್ ಬರುವುದು ಸಹಜ, ಅದನ್ನು ನೋಡಿ ಹಾಳಾಗಿದೆ ಎಂದು ಎಸೆದವರು ಕಡಿಮೆಯಿಲ್ಲ. ಬೋರ್ಡ್ ಇರುವ ಹೊಸ ಯಂತ್ರಗಳಲ್ಲಿ ಈ ಜಾಗದಲ್ಲಿ ಥರ್ಮಿಸ್ಟರ್ ಇರುತ್ತದೆ. ಬಹಳಷ್ಟರಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 10,000 ಓಮ್, ಬಿಸಿಯಾದಂತೆ ಇಳಿಯುತ್ತದೆ.

ಇಷ್ಟೂ ಸರಿಯಿದ್ದರೆ ಉಳಿಯುವುದು ಮೋಟಾರಿನ ಸೆಂಟ್ರಿಫ್ಯೂಗಲ್ ಸ್ವಿಚ್, ಟೈಮರಿನ ಬಿಸಿ ಸಂಪರ್ಕ ಅಥವಾ ಬೋರ್ಡು. ಇವನ್ನು ಪರೀಕ್ಷಿಸಲು ಯಂತ್ರ ಓಡುತ್ತಿರುವಾಗಲೇ ವೋಲ್ಟೇಜ್ ಅಳೆಯಬೇಕು. ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಸುವುದು ಒಳ್ಳೆಯದು.

ಕಾಯಿಲ್ ಬದಲಾಯಿಸುವುದು

ಕಾಯಿಲ್‌ಗೂ ಓಮ್ ಲೆಕ್ಕವಿದೆ. ವರ್ಲ್‌ಪೂಲ್ ಮಾದರಿಯ ಬಹಳಷ್ಟು ಯಂತ್ರಗಳಲ್ಲಿ ಮೂರು ಪಿನ್ನಿನ ಕಾಯಿಲ್‌ನಲ್ಲಿ 1 ಮತ್ತು 2ರ ನಡುವೆ ಸುಮಾರು 1,365 ಓಮ್, 1 ಮತ್ತು 3ರ ನಡುವೆ ಸುಮಾರು 560, ಎರಡು ಪಿನ್ನಿನ ಸೆಕೆಂಡರಿಯಲ್ಲಿ ಸುಮಾರು 1,220. ಆದರೆ ಈ ಅಂಕಿಗಳನ್ನು ಪೂರ್ತಿ ನಂಬಬೇಡಿ. ಕಾದಾಗ ಮಾತ್ರ ಬಿಟ್ಟುಕೊಳ್ಳುವ ಕಾಯಿಲ್ ತಣ್ಣಗಿರುವಾಗ ಅಳೆದರೆ ಲಕ್ಷಣವಾಗಿ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಮೀಟರ್ ಸರಿ ಎಂದರೂ ಮೇಲಿನ ಒಂದನೆಯ ಅಥವಾ ಎರಡನೆಯ ಲಕ್ಷಣ ಕಣ್ಣಾರೆ ಕಂಡಿದ್ದರೆ ಕಾಯಿಲ್ ಬದಲಾಯಿಸಿ. ಎರಡನ್ನೂ ಒಟ್ಟಿಗೇ ಹಾಕಿ. ಅಂಗಡಿಯಲ್ಲಿ ಜೋಡಿಯಾಗಿಯೇ ಸಿಗುತ್ತವೆ, ಒಂದು ಹೋದ ಮೇಲೆ ಅದೇ ವಯಸ್ಸಿನ ಇನ್ನೊಂದು ಹೆಚ್ಚು ದಿನ ಬಾಳುವುದಿಲ್ಲ.

ಇದರಲ್ಲಿ ಗ್ಯಾಸಿನ ಯಾವ ಜೋಡಣೆಯನ್ನೂ ಬಿಚ್ಚಬೇಕಿಲ್ಲ ಎಂಬುದು ದೊಡ್ಡ ನೆಮ್ಮದಿ.

1. ಪ್ಲಗ್ ಕೀಳಿ, ಗ್ಯಾಸ್ ಮುಚ್ಚಿ, ಯಂತ್ರ ತಣ್ಣಗಾಗಲು ಅರ್ಧ ಗಂಟೆ ಬಿಡಿ.
2. ಕಾಯಿಲ್‌ಗಳ ಮೇಲಿನ ಲೋಹದ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿ. ಜಾಗ ಇಕ್ಕಟ್ಟು, ಉದ್ದನೆಯದಕ್ಕಿಂತ ಗಿಡ್ಡ ಸ್ಕ್ರೂಡ್ರೈವರ್ ಅನುಕೂಲ.
3. ವೈರಿನ ಪ್ಲಗ್ಗುಗಳನ್ನು ಕಳಚಿ. ಒಂದಕ್ಕೆ ಮೂರು ಪಿನ್, ಇನ್ನೊಂದಕ್ಕೆ ಎರಡು, ಅದಲು ಬದಲಾಗುವ ಭಯವಿಲ್ಲ.
4. ಕಾಯಿಲ್‌ಗಳನ್ನು ನೇರ ಮೇಲಕ್ಕೆ ಎತ್ತಿ. ಕೆಳಗೆ ಕಾಣುವ ಲೋಹದ ಕಡ್ಡಿಗಳು ವಾಲ್ವಿನವು, ಅವನ್ನು ಬಗ್ಗಿಸಬೇಡಿ.
5. ಹೊಸವನ್ನು ಕೂರಿಸಿ, ಕಾಯಿಲ್ ತಲೆಯ ಮೇಲಿನ ಗುಬುಟು ಪಟ್ಟಿಯ ತೂತಿಗೆ ಸರಿಯಾಗಿ ಕೂತಿದೆಯೇ ನೋಡಿ, ಸ್ಕ್ರೂ ಬಿಗಿ ಮಾಡಿ.

ಕಾಯಿಲ್ ಬದಲಾಯಿಸಿದ ಮೇಲೂ ಅದೇ ಲಕ್ಷಣವಿದ್ದರೆ ವಾಲ್ವಿನ ಒಳಗೇ ಬಾಗಿಲು ಸಿಕ್ಕಿಕೊಂಡಿರಬಹುದು ಅಥವಾ ಗ್ಯಾಸ್ ಒತ್ತಡ ಸಾಲದಿರಬಹುದು. ಎರಡೂ ಮನೆಯಲ್ಲಿ ಮಾಡುವ ಕೆಲಸವಲ್ಲ.

ಇಗ್ನೈಟರ್, ಸೆನ್ಸರ್

ಸೆನ್ಸರ್ ಸುಲಭ. ಒಂದು ಸ್ಕ್ರೂ, ಎರಡು ವೈರು. ಹಳೆಯದಿದ್ದ ದಿಕ್ಕಿನಲ್ಲೇ, ಅದರ ಪುಟ್ಟ ಕಿಂಡಿ ಕೊಳವೆಯ ತೂತಿಗೆ ಎದುರಾಗಿರುವಂತೆ ಹಾಕಬೇಕು. ಇಗ್ನೈಟರಿನ ಕಾವು ಅದಕ್ಕೆ ಕಾಣುವುದು ಆ ತೂತಿನಿಂದಲೇ.

ಇಗ್ನೈಟರ್ ಹಾಗಲ್ಲ. ಅದು ಸಿಲಿಕಾನ್ ಕಾರ್ಬೈಡಿನ ತೆಳು ಕಡ್ಡಿ, ಬಳೆಯಷ್ಟೇ ನಾಜೂಕು. ಹೊಸದನ್ನು ಬಿಳಿ ಪಿಂಗಾಣಿ ಬುಡದಲ್ಲಷ್ಟೇ ಹಿಡಿಯಿರಿ. ಬೂದು ಬಣ್ಣದ ಭಾಗಕ್ಕೆ ಬರಿಗೈ ತಾಗಿದರೆ ಬೆರಳಿನ ಜಿಡ್ಡು ಅಂಟಿದಲ್ಲಿ ಬೇಗ ಒಡೆಯುತ್ತದೆ. ಕೆಲವು ಯಂತ್ರಗಳಲ್ಲಿ ಒಂದು ಸ್ಕ್ರೂ ಬಿಚ್ಚಿ ಇದ್ದಲ್ಲಿಂದಲೇ ತೆಗೆಯಬಹುದು. ಇನ್ನು ಕೆಲವದರಲ್ಲಿ ಬರ್ನರ್, ವಾಲ್ವ್ ಎಲ್ಲವನ್ನೂ ಒಟ್ಟಾಗಿ ಹೊರಗೆ ಜಾರಿಸಬೇಕು, ಅದಕ್ಕೆ ಗ್ಯಾಸ್ ಪೈಪುಗಳನ್ನು ಸೇರಿಸುವ ಯೂನಿಯನ್ ನಟ್ ಬಿಚ್ಚಬೇಕಾಗುತ್ತದೆ. ಇಲ್ಲಿ ಎರಡು ಸ್ಪ್ಯಾನರ್ ಬಳಸಿ, ಒಂದರಿಂದ ಪೈಪ್ ತಿರುಗದಂತೆ ಹಿಡಿದು ಇನ್ನೊಂದರಿಂದ ನಟ್ ತಿರುಗಿಸಿ. ಒಂದೇ ಸ್ಪ್ಯಾನರಿನಲ್ಲಿ ಬಲ ಹಾಕಿದರೆ ಪೈಪ್ ತಿರುಚಿಕೊಳ್ಳುತ್ತದೆ. ಲೋಹಕ್ಕೆ ಲೋಹ ಕೂರುವ ಇಂಥ ಯೂನಿಯನ್ ಮುಖಕ್ಕೆ ಟೇಪ್, ಪೇಸ್ಟ್ ಏನೂ ಬೇಡ.

ಯಾವುದೇ ಗ್ಯಾಸ್ ಜೋಡಣೆ ಬಿಚ್ಚಿ ಹಾಕಿದ ಮೇಲೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರನ್ನು ಬ್ರಷ್ಷಿನಿಂದ ಸವರಿ. ಗುಳ್ಳೆ ಉಬ್ಬಿ ದೊಡ್ಡದಾಗುತ್ತಾ ಹೋದರೆ ಸೋರುತ್ತಿದೆ. ಬರ್ನರಿನ ವಾಲ್ವಿನಿಂದ ಆಚೆಗಿನ ಜೋಡಣೆಗಳನ್ನು ಬೆಂಕಿ ಹೊತ್ತಿರುವಾಗ ನೋಡಬೇಕು, ಏಕೆಂದರೆ ಆ ಭಾಗಕ್ಕೆ ಗ್ಯಾಸ್ ಬರುವುದೇ ಆಗ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಹಳೆಯ ಚಾಳಿ ಬೇಡವೇ ಬೇಡ.

ಗಾಳಿಯ ದಾರಿ

ಥರ್ಮಲ್ ಫ್ಯೂಸ್ ತಾನಾಗಿ ಹೋಗುವುದು ಅಪರೂಪ. ಬಿಸಿಗಾಳಿ ಹೊರಗೆ ಹೋಗಲಾರದೆ ಒಳಗೇ ಸುತ್ತಿ ಉಷ್ಣತೆ ಏರಿದಾಗ ಹೋಗುತ್ತದೆ. ಬಿಸಿಗಾಳಿಯನ್ನು ಮನೆಯ ಹೊರಗೆ ಒಯ್ಯುವ ಕೊಳವೆ, ಅಂದರೆ ಡಕ್ಟ್, ಶುಚಿ ಮಾಡದೆ ಹೊಸ ಫ್ಯೂಸ್ ಹಾಕಿದರೆ ಅದೂ ಸ್ವಲ್ಪ ದಿನದಲ್ಲಿ ಅದೇ ದಾರಿ ಹಿಡಿಯುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ಅಂಕಿಅಂಶ ಇಟ್ಟು ಲೆಕ್ಕ ಹಾಕಿದಂತೆ ಅಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಹುಟ್ಟಿತ್ತು. ಮುಖ್ಯ ಕಾರಣ ಶುಚಿ ಮಾಡದಿರುವುದು.

ಯಂತ್ರ ಓಡುತ್ತಿರುವಾಗ ಹೊರಗೋಡೆಯ ಡಕ್ಟ್ ಬಾಯಿಗೆ ಕೈ ಹಿಡಿಯಿರಿ. ಅದರ ರೆಕ್ಕೆಗಳು ಪೂರ್ತಿ ಎದ್ದು ನಿಂತು, ಗಾಳಿ ಕೈಗೆ ರಭಸವಾಗಿ ಬಡಿಯಬೇಕು. ಸೊರಗಿದ ಗಾಳಿ ಬಂದರೆ ದಾರಿಯಲ್ಲೆಲ್ಲೋ ಕಟ್ಟಿದೆ. ಹಕ್ಕಿಗೂಡು, ಅಂಟಿಕೊಂಡ ರೆಕ್ಕೆ, ಯಂತ್ರ ಹಿಂದಕ್ಕೆ ತಳ್ಳಿದಾಗ ಚಪ್ಪಟೆಯಾದ ಪೈಪು ಇವು ಮಾಮೂಲಿ ಅಪರಾಧಿಗಳು. ಪರೀಕ್ಷೆಗೆಂದು ಡಕ್ಟ್ ಕಳಚಿಟ್ಟು ಗ್ಯಾಸ್ ಡ್ರೈಯರ್ ಓಡಿಸಬೇಡಿ. ಸುಟ್ಟ ಗ್ಯಾಸಿನ ಹೊಗೆ, ಅದರಲ್ಲಿರಬಹುದಾದ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಸಹಿತ, ಕೋಣೆಗೇ ಬರುತ್ತದೆ.

ಯಂತ್ರ ಆರಿಸಿ ಡಕ್ಟ್ ಕಳಚಿ, ಎರಡೂ ಕಡೆಯಿಂದ ಉದ್ದ ಬ್ರಷ್ ಹಾಕಿ, ಕಿತ್ತು ಬಂದ ನಾರುಧೂಳನ್ನು ವ್ಯಾಕ್ಯೂಮಿನಿಂದ ಎಳೆಯಿರಿ. ಡಕ್ಟ್ 4 ಅಂಗುಲ ವ್ಯಾಸದ, ಒಳಮೈ ನುಣುಪಾದ ಲೋಹದ್ದಾಗಿರಬೇಕು. ಪ್ಲಾಸ್ಟಿಕ್ಕಿನದಿದ್ದರೆ ಇವತ್ತೇ ತೆಗೆದುಹಾಕಿ. ಅಮೆರಿಕದ ವಸತಿ ಕಟ್ಟಡ ಸಂಹಿತೆಯಲ್ಲಿ ಡಕ್ಟ್ ಉದ್ದದ ಸಾಮಾನ್ಯ ಮಿತಿ 35 ಅಡಿ, ಪ್ರತಿ 90 ಡಿಗ್ರಿ ತಿರುವಿಗೆ ಅದರಲ್ಲಿ 5 ಅಡಿ ಕಳೆಯಬೇಕು. ಯಂತ್ರದ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನು ಅನುಸರಿಸಬಹುದು. ಜೋಡಣೆಗೆ ಒಳಕ್ಕೆ ಚಾಚುವ ಸ್ಕ್ರೂ ಹಾಕಬೇಡಿ, ಅದರ ಮೊನೆಗೇ ನಾರು ಸಿಕ್ಕಿ ಕಟ್ಟುತ್ತದೆ. ಅಲ್ಯೂಮಿನಿಯಂ ಹಾಳೆಯ ಟೇಪ್ ಸುತ್ತಿ.

ನಾರುಧೂಳು ಹಿಡಿಯುವ ಲಿಂಟ್ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ. ಬಟ್ಟೆ ಮೆತ್ತಗೆ ಮಾಡುವ ಡ್ರೈಯರ್ ಶೀಟ್ ಬಳಸುವ ಮನೆಗಳಲ್ಲಿ ಜಾಲರಿಯ ಮೇಲೆ ಕಣ್ಣಿಗೆ ಕಾಣದ ಮೇಣದಂಥ ಪೊರೆ ಕೂತಿರುತ್ತದೆ. ನೀರು ಇಳಿಯದೆ ನಿಂತರೆ ಗಾಳಿಯೂ ಸರಾಗವಾಗಿ ಹಾಯದು. ಬಿಸಿನೀರು, ಸಾಬೂನು, ನೈಲಾನ್ ಬ್ರಷ್ ಸಾಕು. ಪೂರ್ತಿ ಒಣಗಿಸಿ ಹಾಕಿ. ಡಕ್ಟ್, ಜಾಲರಿ ಎರಡೂ ಶುಚಿಯಾಗಿದ್ದೂ ಗಾಳಿ ಸೊರಗಿದ್ದರೆ ಫ್ಯಾನಿನ ಚಕ್ರ ನೋಡಬೇಕು. ಕಾಲ್ಚೀಲ ಸಿಕ್ಕಿರಬಹುದು, ಇಲ್ಲವೇ ಪ್ಲಾಸ್ಟಿಕ್ ಚಕ್ರದ ನಡುತೂತು ಸವೆದು ಮೋಟಾರಿನ ಕಡ್ಡಿ ಒಳಗೇ ಜಾರುತ್ತಿರಬಹುದು.

ಜ್ವಾಲೆಯ ಬಣ್ಣ

ಬೆಂಕಿ ಹೊತ್ತುತ್ತದೆ, ಆದರೆ ಬಿಸಿ ಸಾಲದು ಎಂದಾದರೆ ಜ್ವಾಲೆ ನೋಡಿ. ನೀಲಿಯಾಗಿ, ಸ್ಥಿರವಾಗಿ ಕೊಳವೆಯೊಳಕ್ಕೆ ಎಳೆದುಕೊಂಡಂತೆ ಇರಬೇಕು. ಹಳದಿಯಾಗಿ, ಸೋಮಾರಿಯಾಗಿ ಮೇಲಕ್ಕೆ ನಾಲಗೆ ಚಾಚುತ್ತಿದ್ದರೆ ಗಾಳಿ ಸಾಲದು. ಬರ್ನರ್ ಕೊಳವೆಯ ಬಾಯಲ್ಲಿ ನಾರುಧೂಳು ಕಟ್ಟಿರಬಹುದು. ಮನೆ ಬದಲಾಯಿಸಿದ ಮೇಲೆ ಶುರುವಾದ ಸಮಸ್ಯೆಯಾದರೆ ಇನ್ನೊಂದು ಕಾರಣ ಮೊದಲು ನೆನಪಿಗೆ ಬರಬೇಕು. ಪ್ರೊಪೇನ್‌ಗೂ ಪೈಪಿನ ನೈಸರ್ಗಿಕ ಅನಿಲಕ್ಕೂ ಬರ್ನರಿನ ಗ್ಯಾಸ್ ತೂತು ಬೇರೆ ಬೇರೆ. ಪ್ರೊಪೇನಿನ ಸಣ್ಣ ತೂತಿಟ್ಟುಕೊಂಡು ನೈಸರ್ಗಿಕ ಅನಿಲಕ್ಕೆ ಜೋಡಿಸಿದರೆ ಜ್ವಾಲೆ ಕುಗ್ಗುತ್ತದೆ. ಇದಕ್ಕೆ ತಿರುಗುಮುರುಗಾದರೆ ಅಪಾಯಕಾರಿಯಾಗಿ ಹಿಗ್ಗುತ್ತದೆ, ಮಸಿ ಹಿಡಿಯುತ್ತದೆ. ಇದರ ಬದಲಾವಣೆ, ಒತ್ತಡದ ಹೊಂದಾಣಿಕೆ ಎರಡಕ್ಕೂ ಪರವಾನಗಿ ಇರುವ ಗ್ಯಾಸ್ ಕೆಲಸದವರೇ ಬೇಕು.

ಮತ್ತೆ ಜೋಡಿಸಿ ನೋಡುವುದು

ಯಂತ್ರದೊಳಗಿನ ನಾರುಧೂಳನ್ನು, ಅದರಲ್ಲೂ ಬರ್ನರಿನ ಸುತ್ತಲಿನದನ್ನು, ಪ್ಯಾನೆಲ್ ಮುಚ್ಚುವ ಮುನ್ನವೇ ತೆಗೆಯಿರಿ. ಇಗ್ನೈಟರಿಗೆ ವ್ಯಾಕ್ಯೂಮಿನ ಮೂತಿ ತಗುಲದಿರಲಿ. ವೈರುಗಳು ಕೊಳವೆಗೂ ಡ್ರಮ್ಮಿಗೂ ತಾಗದಂತೆ ಸರಿಸಿ. ಗ್ಯಾಸ್ ನಿಧಾನಕ್ಕೆ ತೆರೆದು, ಯಂತ್ರವನ್ನು ಹಿಂದಕ್ಕೆ ತಳ್ಳುವಾಗ ಡಕ್ಟ್ ಮಡಚಿಕೊಳ್ಳದಂತೆ ಪಕ್ಕದಿಂದ ಇಣುಕಿ ನೋಡಿ.

ಒಮ್ಮೆ ಬೆಂಕಿ ಹೊತ್ತಿತೆಂದು ಎದ್ದುಬಿಡಬೇಡಿ. ಕಾಯಿಲ್ ದೋಷ ಎರಡನೆಯ, ಮೂರನೆಯ ಸಲಕ್ಕಷ್ಟೇ ತೋರುವುದುಂಟು. ಒದ್ದೆ ಟವೆಲ್‌ಗಳನ್ನು ಹಾಕಿ 30 ನಿಮಿಷ ಓಡಿಸಿ, ಬೆಂಕಿ ಆರಿ ಕನಿಷ್ಠ ಮೂರು ಸಲ ಮತ್ತೆ ಹೊತ್ತುವುದನ್ನು ಕಿಂಡಿಯಿಂದ ನೋಡಿದ ಮೇಲೆ ಕೆಳಗಿನ ಪ್ಯಾನೆಲ್‌ನ ಕೊನೆಯ ಕ್ಲಿಪ್ ಒತ್ತಿ.